ವಿಮಾನ ತಡವಾದರೆ ಹಡಗು ಕಾಯುತ್ತಾ? ಮುಂಬೈನಿಂದ ಲಕ್ಷದ್ವೀಪ ಪ್ರವಾಸಕ್ಕೆ ಹೊರಡುವವರು ತಿಳಿದಿರಬೇಕಾದ ಸಂಗತಿಗಳು

ಮುಂಬೈ: ಘಾಟ್ಕೋಪರ್, ಮುಲುಂಡ್, ಚೆಂಬೂರು ಕಡೆಯ ಕನ್ನಡಿಗರು ಲಕ್ಷದ್ವೀಪ ಆಡಳಿತದ ಹಡಗು ಪ್ರವಾಸಕ್ಕೆ ಹೋಗಬೇಕೆಂದರೆ ಮೊದಲು ಕೊಚ್ಚಿ ತಲುಪಬೇಕು. ಮುಂಬೈನಿಂದ ಕೊಚ್ಚಿಗೆ ನೇರ ವಿಮಾನದಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಮುಂದೆ ಹಡಗು. ಕೇಳಲು ಸುಲಭ. ಆದರೆ ವಿಮಾನದ ಟಿಕೆಟ್ ಬೇರೆ, ಹಡಗಿನ ಟಿಕೆಟ್ ಬೇರೆ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಹಡಗು ತಪ್ಪಿತೆಂದು ವಿಮಾನ ಸಂಸ್ಥೆ ಪರಿಹಾರ ಕೊಡುವುದೂ ಇಲ್ಲ. ಹಾಗಾಗಿ ಈ ಎರಡರ ನಡುವಿನ ಸಮಯವನ್ನು ಪ್ರಯಾಣಿಕರೇ ಲೆಕ್ಕ ಹಾಕಿಕೊಳ್ಳಬೇಕು.

ಯಾವ ಹಡಗು, ಯಾವ ದ್ವೀಪಗಳು?

ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪಗಳಿವೆ. ಜನವಸತಿ ಇರುವುದು 10ರಲ್ಲಿ ಮಾತ್ರ. ಎಲ್ಲ ದ್ವೀಪಗಳ ನೆಲ ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್.

ಇಲ್ಲಿನ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ 'ಸಮುದ್ರಂ' ಪ್ಯಾಕೇಜ್ ಹೆಚ್ಚು ಪರಿಚಿತ. ಐದು ದಿನಗಳ ಈ ಪ್ರವಾಸದಲ್ಲಿ 'ಎಂ.ವಿ. ಕವರತ್ತಿ' ಹಡಗು ಕವರತ್ತಿ, ಕಲ್ಪೇನಿ ಮತ್ತು ಮಿನಿಕಾಯ್ ದ್ವೀಪಗಳಿಗೆ ಕರೆದೊಯ್ಯುತ್ತದೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಸುಮಾರು 700 ಜನ ಹಿಡಿಯುವ ಈ ಹಡಗು ದೊಡ್ಡ ಐಷಾರಾಮಿ ಕ್ರೂಸ್‌ಗಳ ಮುಂದೆ ಚಿಕ್ಕದೇ. ದ್ವೀಪದ ನಿವಾಸಿಗಳೂ ಓಡಾಡುವ ಹಡಗಿದು. ಈಜುಕೊಳ, ಕ್ಯಾಸಿನೊ ನಿರೀಕ್ಷಿಸಿ ಹೋಗಬೇಡಿ.

ಮೊದಲು ಹಡಗು, ಆಮೇಲೆ ವಿಮಾನ

ವಿಮಾನದ ಅಗ್ಗದ ಟಿಕೆಟ್ ಕಂಡ ಕೂಡಲೇ ಕೊಂಡುಬಿಡುವ ಅಭ್ಯಾಸ ಇಲ್ಲಿ ಕೈ ಕಚ್ಚಬಹುದು. ಹಡಗಿನ ದಿನಾಂಕ ಸೀಮಿತ, ಕ್ಯಾಬಿನ್‌ಗಳೂ ಸೀಮಿತ. ಅಲ್ಲದೆ ಲಕ್ಷದ್ವೀಪದವರಲ್ಲದ ಭಾರತೀಯರೂ 1967ರ ನಿಯಮದಡಿ ಪ್ರವೇಶ ಪರವಾನಗಿ ಪಡೆಯಲೇಬೇಕು.

* ಮೊದಲು ಹಡಗಿನ ಪ್ಯಾಕೇಜ್ ಖಚಿತಪಡಿಸಿಕೊಳ್ಳಿ. ಪರವಾನಗಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನು ಆಗಲೇ ಕೇಳಿ ಪಡೆಯಿರಿ.
* ಪೊಲೀಸ್ ಪ್ರಮಾಣಪತ್ರ ಕೇಳಿದರೆ ಅದಕ್ಕೆ ಕೆಲವು ದಿನ ಹಿಡಿಯಬಹುದು. ಕೊನೆಯ ವಾರಕ್ಕೆ ಬಿಡಬೇಡಿ.
* ಪರವಾನಗಿ, ಹಡಗಿನ ಟಿಕೆಟ್, ವಿಮಾನದ ಟಿಕೆಟ್ ಮೂರರಲ್ಲೂ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ.
* ಇವೆಲ್ಲ ಆದ ಮೇಲೆ ವಿಮಾನ. ದಿನಾಂಕ ಬದಲಾಯಿಸಲು ಅವಕಾಶವಿರುವ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಘಾಟ್ಕೋಪರ್‌ನಿಂದ ವಿಮಾನ ನಿಲ್ದಾಣಕ್ಕೆ

ಟಿಕೆಟ್‌ನಲ್ಲಿ ಯಾವ ನಿಲ್ದಾಣ, ಯಾವ ಟರ್ಮಿನಲ್ ಎಂಬುದನ್ನು ಮೊದಲು ನೋಡಿ. ಈಗ ನವಿ ಮುಂಬೈ ವಿಮಾನ ನಿಲ್ದಾಣದಿಂದಲೂ ವಿಮಾನಗಳು ಹಾರುತ್ತಿವೆ. ಅದು ಉಲ್ವೆಯಲ್ಲಿದೆ, ಘಾಟ್ಕೋಪರ್‌ನವರಿಗೆ ದೂರ.

ಛತ್ರಪತಿ ಶಿವಾಜಿ ಮಹಾರಾಜ್ ನಿಲ್ದಾಣಕ್ಕಾದರೆ ಮೆಟ್ರೊ ಅನುಕೂಲ. ಘಾಟ್ಕೋಪರ್‌ನಲ್ಲಿ ಮೆಟ್ರೊ 1 ಹತ್ತಿ ನಾಲ್ಕನೇ ನಿಲ್ದಾಣ ಮರೋಳ್ ನಾಕಾದಲ್ಲಿ ಇಳಿಯಿರಿ. ಅಲ್ಲಿ ಮೆಟ್ರೊ 3ಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಟರ್ಮಿನಲ್ 2. ಟರ್ಮಿನಲ್ 1ಕ್ಕೂ ಇದೇ ಮಾರ್ಗದಲ್ಲಿ ಮುಂದೆ ನಿಲ್ದಾಣವಿದೆ. ಸಾಕಿನಾಕಾದ ಟ್ರಾಫಿಕ್‌ನಲ್ಲಿ ಸಿಲುಕುವ ತಲೆನೋವು ಇರುವುದಿಲ್ಲ. ಆದರೆ ನಸುಕಿನ ವಿಮಾನವಾದರೆ ಮೆಟ್ರೊ ಇರುವುದಿಲ್ಲ, ಟ್ಯಾಕ್ಸಿ ಅಥವಾ ಆಟೊ ನೋಡಿಕೊಳ್ಳಬೇಕು.

ಒಂದು ದಿನ ಮೊದಲೇ ಏಕೆ ತಲುಪಬೇಕು?

ಕೊಚ್ಚಿ ವಿಮಾನ ನಿಲ್ದಾಣ ಇರುವುದು ನೆಡುಂಬಾಶೇರಿಯಲ್ಲಿ. ಹಡಗು ಹತ್ತುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ನಡುವೆ ಇಡೀ ಎರ್ನಾಕುಳಂ ನಗರ ದಾಟಬೇಕು. ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆಯೂ ಸಾಲದು. ಹಡಗು ಹೊರಡುವುದಕ್ಕೆ ಬಹಳ ಮೊದಲೇ ತಪಾಸಣೆಗೆ ಹಾಜರಾಗಬೇಕು ಎಂಬುದೂ ನೆನಪಿರಲಿ.

ಇನ್ನೊಂದು ವಿಷಯವಿದೆ. ಮಳೆಗಾಲದಲ್ಲಿ ಸಮುದ್ರ ಒರಟಾಗಿರುವುದರಿಂದ ಪ್ರವಾಸಿ ಹಡಗುಗಳು ಓಡುವುದು ಮುಖ್ಯವಾಗಿ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ. ಇದೇ ಅವಧಿಯ ಡಿಸೆಂಬರ್, ಜನವರಿಯಲ್ಲಿ ಉತ್ತರ ಭಾರತದಲ್ಲಿ ದಟ್ಟ ಮಂಜು. ನೀವು ಹತ್ತಬೇಕಾದ ವಿಮಾನ ಬೆಳಗ್ಗೆ ದೆಹಲಿಯಿಂದಲೇ ಬರಬೇಕಾಗಿದ್ದರೆ, ಮುಂಬೈಯಲ್ಲಿ ಬಿಸಿಲಿದ್ದರೂ ಅದು ತಡವಾಗಬಹುದು.

ಆದ್ದರಿಂದ ಹಿಂದಿನ ದಿನವೇ ಕೊಚ್ಚಿ ತಲುಪಿ ಒಂದು ರಾತ್ರಿ ಉಳಿಯುವುದು ಸುರಕ್ಷಿತ. ಲಾಡ್ಜ್‌ನ ಒಂದು ದಿನದ ಬಾಡಿಗೆ, ಇಡೀ ಕುಟುಂಬದ ಪ್ಯಾಕೇಜ್ ಹಣಕ್ಕಿಂತ ದೊಡ್ಡದಲ್ಲ.

ವಿಮಾನ ರದ್ದಾದರೆ ಏನು ಸಿಗುತ್ತದೆ?

ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ, ವಿಮಾನ 6 ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ಸಕಾಲಕ್ಕೆ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶವಿದೆ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಹವಾಮಾನದಂಥ ಕೈಮೀರಿದ ಕಾರಣವಾದರೆ ಪರಿಹಾರವಿಲ್ಲ.

ಪ್ರವಾಸ ವಿಮೆ ಮಾಡಿಸುವವರು ಒಂದು ಪ್ರಶ್ನೆ ಕೇಳಲೇಬೇಕು: ವಿಮಾನ ತಡವಾಗಿ ಹಡಗು ತಪ್ಪಿದರೆ ಹಣ ಸಿಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ವಾಪಸ್ ಬರುವಾಗಲೂ ಎಚ್ಚರ

ಹಡಗು ಬೆಳಗ್ಗೆ ಕೊಚ್ಚಿ ತಲುಪುತ್ತದೆ ಎಂದು ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ. ಗಾಳಿ, ಅಲೆ, ಬಂದರಿನ ದಟ್ಟಣೆಯಿಂದ ಹಡಗೂ ತಡವಾಗುತ್ತದೆ. ರಾತ್ರಿಯ ಅಥವಾ ಮರುದಿನದ ವಿಮಾನ ಮೇಲು. ರಜೆ ಉಳಿದಿದ್ದರೆ ರೈಲೂ ಇದೆ. ನೇತ್ರಾವತಿ ಎಕ್ಸ್‌ಪ್ರೆಸ್ ಎರ್ನಾಕುಳಂನಿಂದ ಮಂಗಳೂರು, ಉಡುಪಿ ಮಾರ್ಗವಾಗಿ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ. ಅದು ಘಾಟ್ಕೋಪರ್‌ಗೆ ಹತ್ತಿರ. ಊರಿಗೆ ಹೋಗಿ ಬರುವವರಿಗೂ ಅನುಕೂಲ.

ಹಿರಿಯರನ್ನು ಕರೆದೊಯ್ಯುವವರಿಗೆ

ದ್ವೀಪದ ಸುತ್ತಲಿನ ಲಗೂನ್‌ನಲ್ಲಿ ನೀರು ಆಳವಿಲ್ಲ. ಹಡಗು ಹೊರಗೆ ನಿಂತಾಗ ಪ್ರಯಾಣಿಕರು ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಅಲೆಗೆ ದೋಣಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಮಂಡಿನೋವು ಇರುವವರು ಇದನ್ನು ಯೋಚಿಸಿಯೇ ಹೊರಡಬೇಕು. ಸಮುದ್ರ ಪ್ರಯಾಣದ ವಾಂತಿಗೆ ಮಾತ್ರೆ, ದಿನನಿತ್ಯದ ಔಷಧಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಂಗಾರಂ ದ್ವೀಪ ಬಿಟ್ಟರೆ ಉಳಿದೆಡೆ ಮದ್ಯ ನಿಷೇಧವಿದೆ.

ಕನ್ನಡ ನಾಡಿನ ನಂಟು

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಯಿತು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು.

ದರ, ದಿನಾಂಕ ಹಾಗೂ ಹಡಗಿನ ವೇಳಾಪಟ್ಟಿ ಆಗಾಗ ಬದಲಾಗುತ್ತವೆ. ಹಣ ಕಟ್ಟುವ ಮುನ್ನ ಲಕ್ಷದ್ವೀಪ ಪ್ರವಾಸೋದ್ಯಮದ ಅಧಿಕೃತ ಜಾಲತಾಣದಲ್ಲಿ ಅಥವಾ ವಿಲ್ಲಿಂಗ್ಡನ್ ದ್ವೀಪದಲ್ಲಿರುವ 'ಸ್ಪೋರ್ಟ್ಸ್' ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.