ಚೀಟಿಯಲ್ಲಿ ರೋಗದ ಹೆಸರು: ಸಕಲೇಶಪುರ–ಆಲೂರು ತೋಟಗಳಲ್ಲಿ ಅನಾರೋಗ್ಯ ರಜೆ ಮತ್ತು ವೈದ್ಯಕೀಯ ಗೋಪ್ಯತೆ

ಜನವರಿ ತಿಂಗಳು. ಹಾನುಬಾಳು, ಹೆತ್ತೂರು ಕಡೆಯ ತೋಟಗಳಲ್ಲಿ ರೊಬಸ್ಟಾ ಕಾಫಿ ಕೊಯ್ಲಿಗೆ ಎಷ್ಟು ಆಳಿದ್ದರೂ ಸಾಲದ ಹೊತ್ತು. ಮೂರು ದಿನ ಕೆಲಸಕ್ಕೆ ಬಾರದ ಹೆಣ್ಣಾಳು ನಾಲ್ಕನೆಯ ಬೆಳಿಗ್ಗೆ ಕಣದ ಹತ್ತಿರ ಬಂದು ನಿಂತರೆ ತೋಟದ ಲೆಕ್ಕ ಬರೆಯುವ ರೈಟರ ಮೊದಲ ಮಾತು, "ಚೀಟಿ ತಂದ್ಯೇನಮ್ಮ?" ಆಕೆ ಮಡಚಿ ಮಡಚಿ ಮೆತ್ತಗಾದ ಆಸ್ಪತ್ರೆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಡುತ್ತಾಳೆ. ಅದರಲ್ಲಿ ಏನು ಬರೆದಿದೆಯೆಂದು ಆಕೆಗೆ ಓದಲು ಬಾರದು, ರೈಟರಿಗೆ ಬರುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು ಸಾಹುಕಾರರಿಗೆ ವಾಟ್ಸಾಪ್ ಮಾಡಿ, ಹಾಜರಿ ಪುಸ್ತಕದಲ್ಲಿ ಒಂದು ಗುರುತು ಹಾಕಿದರೆ ಅಲ್ಲಿಗೆ ಕೆಲಸ ಮುಗಿಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆಕೆಗೆ ಗರ್ಭಕೋಶದ ತೊಂದರೆಯೋ, ಕ್ಷಯವೋ, ಇನ್ನೊಂದೋ ಎಂಬುದು ಕಾರ್ಮಿಕರ ಲೈನಿನ ಎಲ್ಲ ಮನೆಗಳಿಗೂ ಗೊತ್ತಾಗಿರುತ್ತದೆ. ಇದು ಯಾವುದೋ ಒಂದು ತೋಟದ ಕಥೆಯಲ್ಲ. ಮಲೆನಾಡಿನ ತೋಟಗಳ ರೂಢಿ ಬಲ್ಲವರಿಗೆ ಹೊಸದೂ ಅಲ್ಲ.

ಇಲ್ಲಿ ಯಾರೂ ಬೀಗ ಒಡೆದಿಲ್ಲ, ಕಡತ ಕದ್ದಿಲ್ಲ. ತಪ್ಪು ಮಾಡಿದೆನೆಂಬ ಅಳುಕು ರೈಟರಿಗಿಲ್ಲ, ಬೇಡವೆನ್ನಬಹುದಿತ್ತೆಂಬ ಅರಿವು ಆಕೆಗಿಲ್ಲ. ನೌಕರರ ವೈದ್ಯಕೀಯ ದಾಖಲೆಗಳನ್ನು ಮಾಲೀಕರು ಒಪ್ಪಿಗೆಯಿಲ್ಲದೆ ನೋಡುವುದನ್ನು ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗದ, ವಿಮೆ ಪೋರ್ಟಲುಗಳ ಸಮಸ್ಯೆಯೆಂದೇ ಚರ್ಚಿಸುವುದು ವಾಡಿಕೆ. ಈ ಲೇಖನದ ವಾದ ಬೇರೆ. ತೋಟದಲ್ಲಿ ಒಪ್ಪಿಗೆ ಮೀರುವ ಪ್ರಶ್ನೆಯೇ ಏಳುವುದಿಲ್ಲ. ಒಪ್ಪಿಗೆ ಕೇಳುವ ಘಟ್ಟವನ್ನೇ ಅಲ್ಲಿ ಇಟ್ಟಿಲ್ಲ. ಕಾನೂನೇ ಡಾಕ್ಟರನ್ನು ಮಾಲೀಕನ ಅಂಗಳದಲ್ಲಿ ಕೂರಿಸಿತು. ರೋಗದ ಹೆಸರು ಬರೆಯಲು ಪ್ರಮಾಣಪತ್ರದ ನಮೂನೆಯೇ ಜಾಗ ಬಿಟ್ಟಿತು.

ಸಕಲೇಶಪುರ ಸೀಮೆಗೆ ಮಂಜರಾಬಾದ್ ಎಂಬ ಹೆಸರಿದ್ದ ಕಾಲದಲ್ಲಿ, 1850ರ ದಶಕದಲ್ಲಿ, ಇಲ್ಲಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ತನ್ನ ಅನುಭವವನ್ನು 1871ರಲ್ಲೊಮ್ಮೆ, 1894ರಲ್ಲಿ ಮತ್ತೊಮ್ಮೆ ಪುಸ್ತಕ ಮಾಡಿದ. ಮಲೇರಿಯಾ ಕಾಡುತ್ತಿದ್ದ ಆ ಕಾಲದ ಮಲೆನಾಡಿನಲ್ಲಿ ಆಳಿನ ಜ್ವರವೆಂದರೆ ತೋಟದ ಲೆಕ್ಕದ ಒಂದು ಬಾಬತ್ತು. ಸ್ವತಂತ್ರ ಭಾರತ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ತಂದಾಗ ಆ ಬಾಬತ್ತು ಹಕ್ಕಾಯಿತು. ಕಾಯ್ದೆಯ 10ನೇ ಕಲಮು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಸುಲಭವಾಗಿ ಎಟಕುವಂತೆ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದಿತು. ಮಾಲೀಕ ಒದಗಿಸದಿದ್ದರೆ ಮುಖ್ಯ ನಿರೀಕ್ಷಕರೇ ಒದಗಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದಿತ್ತು. 32ನೇ ಕಲಮು ಅನಾರೋಗ್ಯ ಭತ್ಯೆಯ ಹಕ್ಕು ಕೊಟ್ಟಿತು. ಆದರೆ ಅರ್ಹ ವೈದ್ಯರು ಕಾಯಿಲೆಯನ್ನು ಪ್ರಮಾಣೀಕರಿಸಬೇಕು, ಭತ್ಯೆಯನ್ನು ಮಾಲೀಕನಿಂದಲೇ ಪಡೆಯಬೇಕು.

ಆ ಕಾಲಕ್ಕೆ ಇದು ದೊಡ್ಡ ಗೆಲುವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪರಿಣಾಮ ನೋಡಿ. ಡಿಸ್ಪೆನ್ಸರಿ ತೋಟದ್ದು, ಡಾಕ್ಟರ ಸಂಬಳ ತೋಟದ್ದು, ಔಷಧಿಯ ಬಿಲ್ಲು ತೋಟದ್ದು, ಹೀಗಿರುವಾಗ ರೋಗಿಗಳ ಹೆಸರು ಬರೆಯುವ ಪುಸ್ತಕವೂ ತೋಟದ್ದೇ. ಕಾರ್ಖಾನೆಯ ಕಾರ್ಮಿಕರಿಗಾಗಿ 1948ರಲ್ಲಿ ಬಂದ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಮಾಲೀಕ ಮತ್ತು ರೋಗಿಯ ನಡುವೆ ಮೂರನೆಯದೊಂದು ನಿಗಮವನ್ನು ನಿಲ್ಲಿಸಿತು. ಆಸ್ಪತ್ರೆ ನಿಗಮದ್ದು, ರಜೆಯ ದಿನಗಳ ಹಣವೂ ನಿಗಮದ್ದು. ಕಾಯಿಲೆಯ ಅವಧಿಯಲ್ಲಿ ನೌಕರನನ್ನು ವಜಾ ಮಾಡಬಾರದೆಂದು ಅದರ 73ನೇ ಕಲಮು ಹೇಳಿತು. ತೋಟಕ್ಕೆ ಆ ಮೂರನೆಯವನು ಬರಲೇ ಇಲ್ಲ.

ಇನ್ನು ತೋಟ ಕಾಯ್ದೆ ತಲುಪದ ತೋಟಗಳೇ ಹೆಚ್ಚಿದ್ದವು. 1981ರ ತಿದ್ದುಪಡಿಯ ನಂತರ ಐದು ಹೆಕ್ಟೇರ್ ಮತ್ತು 15 ಕಾರ್ಮಿಕರೆಂಬುದು ಅದರ ಗಡಿಯಾಗಿತ್ತು. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿದಾರರು. ಇಂಥ ಸಣ್ಣ ತೋಟಗಳಲ್ಲಿ, ಯಸಳೂರಿನಲ್ಲೋ, ಆಲೂರು ತಾಲ್ಲೂಕಿನ ಕುಂದೂರು, ಪಾಳ್ಯದ ಕಡೆಯೋ ಆಳಿಗೆ ಎದೆ ಹಿಡಿದುಕೊಂಡರೆ ಸಾಹುಕಾರರೇ ಜೀಪಿನಲ್ಲಿ ಕೂರಿಸಿಕೊಂಡು, ಜನ ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎನ್ನುವ ಸಕಲೇಶಪುರದ ತಾಲ್ಲೂಕು ಆಸ್ಪತ್ರೆಗೋ ಹಾಸನಕ್ಕೋ ಓಡುತ್ತಾರೆ. ಸ್ಕ್ಯಾನಿಂಗಿಗೆ ದುಡ್ಡು ಕಟ್ಟುವುದು ಅವರೇ, ಡಾಕ್ಟರ ಎದುರು ಕುಳಿತು ವಿವರ ಕೇಳುವುದೂ ಅವರೇ. ಕೊನೆಗೆ ಫೈಲು ಹೋಗುವುದು ಬಿಲ್ಲು ಕಟ್ಟಿದವರ ಕೈಗೆ. ಈ ಉಪಕಾರವನ್ನು ಹಗುರಾಗಿ ಕಾಣಲಾಗದು. ಎಷ್ಟೋ ಜೀವ ಉಳಿದಿರುವುದು ಅದರಿಂದಲೇ. ಆದರೆ ಉಪಕಾರ ಮಾಡಿದವರಿಂದ ಗುಟ್ಟು ಮುಚ್ಚಿಡುವುದು ಹೇಗೆ?

ಈಚೆಗೆ ಇದಕ್ಕೆ ಇನ್ನೊಂದು ಪದರ ಸೇರಿದೆ. ಅಸ್ಸಾಮಿನಿಂದ ಬಂದ ಕುಟುಂಬಗಳು ಸಕಲೇಶಪುರದ ಲೈನುಗಳಲ್ಲಿ ನೆಲೆಸಿವೆ. ಅವರಿಗೆ ಕನ್ನಡ ಬಾರದು, ಡಾಕ್ಟರಿಗೆ ಅಸ್ಸಾಮಿಯಾ ಬಾರದು. ನಡುವೆ ನಿಂತು ಹಿಂದಿಯಲ್ಲಿ ಮಾತು ದಾಟಿಸುವವನು ಮೇಸ್ತ್ರಿ. ಹೆಂಗಸೊಬ್ಬಳು ತನ್ನ ಮುಟ್ಟಿನ ತೊಂದರೆಯನ್ನು ಹೇಳಬೇಕಾದರೂ ಅದು ಮರುದಿನ ಕೆಲಸ ಹಂಚುವವನ ಕಿವಿ ದಾಟಿಯೇ ವೈದ್ಯರನ್ನು ಮುಟ್ಟಬೇಕು. ಇದನ್ನು ತಡೆಯಲು ಬೀಗವೂ ಪಾಸ್‌ವರ್ಡೂ ಸಾಲವು. ಆಸ್ಪತ್ರೆಯಲ್ಲಿ ದುಭಾಷಿ ಬೇಕು.

ವೈದ್ಯರ ಕಡೆಯ ನಿಯಮವೇನು? ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿ ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂದು 7.14ರಲ್ಲಿ ಹೇಳುತ್ತದೆ. ವಿನಾಯಿತಿ ಮೂರೇ: ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳು. ಸಂಬಳ ಕೊಡುವ ಮಾಲೀಕ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಷ್ಟಾದರೂ ಅದೇ ನಿಯಮಾವಳಿಯ ಎರಡನೇ ಅನುಬಂಧದಲ್ಲಿ ರಜೆಗೆಂದು ಕೊಡುವ ಪ್ರಮಾಣಪತ್ರದ ನಮೂನೆಯಿದೆ. ಮೇಲೆ ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಕೆಳಗೆ ಇಂಥವರು ಇಂಥ ಕಾಯಿಲೆಯಿಂದ ನರಳುತ್ತಿದ್ದಾರೆಂದು ತುಂಬಲು ಖಾಲಿ ಜಾಗ, ಆಮೇಲೆ ಎಷ್ಟು ದಿನ ಗೈರುಹಾಜರಿ ಅಗತ್ಯವೆಂಬ ವಾಕ್ಯ. ಒಂದು ಪುಟ ಗುಟ್ಟು ಕಾಯಿರಿ ಎನ್ನುತ್ತದೆ, ಇನ್ನೊಂದು ಪುಟ ಅದನ್ನು ಬರೆದು ಮಾಲೀಕನಿಗೆ ಕಳಿಸಿ ಎನ್ನುತ್ತದೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಹೊರಡಿಸಿ ಅದೇ ತಿಂಗಳು ತಡೆಹಿಡಿದ ಮೇಲೆ 2002ರದ್ದೇ ಮತ್ತೆ ಗತಿಯಾಯಿತು.

ಕಾಯಿಲೆಯ ವಿವರ ಮಾಲೀಕನ ಕೈ ಸೇರಿದರೆ ಏನಾಗಬಹುದೆಂಬುದಕ್ಕೆ ದೊಡ್ಡ ನಿದರ್ಶನ ನೀರಾ ಮಾಥುರ್ ಮತ್ತು ಭಾರತೀಯ ಜೀವ ವಿಮಾ ನಿಗಮದ ನಡುವಿನ ಮೊಕದ್ದಮೆ. ಆಕೆ 1989ರ ಸೆಪ್ಟೆಂಬರಿನಲ್ಲಿ ಪ್ರೊಬೇಷನರ್ ಆಗಿ ಸೇರಿದರು. ವರ್ಷದ ಕೊನೆಗೆ ಹೆರಿಗೆ ರಜೆ ಕೇಳಿದರು, 1990ರ ಜನವರಿಯಲ್ಲಿ ಹೆರಿಗೆಯಾಯಿತು. ಫೆಬ್ರವರಿಯಲ್ಲಿ ಕೆಲಸ ಹೋಯಿತು. ಸೇರುವಾಗ ತುಂಬಿದ ಘೋಷಣೆಯಲ್ಲಿ ಬಸುರನ್ನು ಮುಚ್ಚಿಟ್ಟರೆಂಬುದು ನಿಗಮದ ವಾದ. ಆ ಘೋಷಣಾ ಪತ್ರವಾದರೂ ಎಂಥದು? ಮುಟ್ಟು ಸರಿಯಾಗಿ ಆಗುತ್ತದೆಯೇ, ನೋವಿರುತ್ತದೆಯೇ, ಕೊನೆಯ ಸಲ ಯಾವಾಗ, ಎಷ್ಟು ಬಾರಿ ಗರ್ಭ ನಿಂತಿದೆ ಎಂದೆಲ್ಲ ಹೆಣ್ಣುಮಕ್ಕಳನ್ನು ಕೇಳುವಂಥದು. ಸುಪ್ರೀಂ ಕೋರ್ಟ್ 1991ರ ಅಕ್ಟೋಬರ್ 31ರಂದು ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು, ಆ ಪ್ರಶ್ನೆಗಳನ್ನು ತೆಗೆದುಹಾಕಬೇಕೆಂದೂ ಹೇಳಿತು. ಆರು ವರ್ಷಗಳ ನಂತರ, 1997ರಲ್ಲಿ, ಬಾಂಬೆ ಹೈಕೋರ್ಟ್ ತೀರ್ಮಾನಿಸಿದ್ದು ಸಾರ್ವಜನಿಕ ಉದ್ದಿಮೆಯೊಂದರ ದಿನಗೂಲಿ ನೌಕರನ ಪ್ರಕರಣ. ವೈದ್ಯಕೀಯ ಪರೀಕ್ಷೆಯಲ್ಲಿ ಎಚ್‌ಐವಿ ಕಂಡುಬಂತೆಂದು ಅವನನ್ನು ಕೈಬಿಟ್ಟಿದ್ದರು. ಕೆಲಸ ಮಾಡಲು ಶಕ್ತನಾಗಿದ್ದು ಇತರರಿಗೆ ಅಪಾಯ ಇಲ್ಲದಿದ್ದರೆ ಸೋಂಕಿನ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸಲಾಗದೆಂದು ಹೈಕೋರ್ಟ್ ತೀರ್ಪಿತ್ತಿತು. ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದರು. ಲೈನಿನ ಹೆಣ್ಣಾಳು ಹತ್ತುವುದಿಲ್ಲ. ಮುಂದಿನ ಹಂಗಾಮಿಗೆ ಅವಳನ್ನು ಕರೆಯುವುದಿಲ್ಲ, ಅಷ್ಟೆ.

ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತರ ಮೇಲಿತ್ತು. ತೀರ್ಪು ಬಂದ 2017ರಲ್ಲೇ ಬಂದ ಎಚ್‌ಐವಿ ಕಾಯ್ದೆ ಮತ್ತು ಮಾನಸಿಕ ಆರೋಗ್ಯ ಕಾಯ್ದೆಗಳು ಆಯಾ ಕಾಯಿಲೆಯವರ ಗುಟ್ಟಿಗೆ ಸ್ಪಷ್ಟ ರಕ್ಷಣೆ ಕೊಟ್ಟವು. 2019ರ ನವೆಂಬರಿನಲ್ಲಿ ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ದಾಖಲೆ, ಚಿಕಿತ್ಸೆ, ಭೇಟಿಯಾದ ವೈದ್ಯರ ಪಟ್ಟಿಯನ್ನೂ ವೈಯಕ್ತಿಕ ಮಾಹಿತಿಯೆಂದು ಎಣಿಸಿತು.

ಹಾಗಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ತೋಟದ ಆಳಿಗೆ ಲಾಭವಿದೆಯೇ? ಓದಿದಷ್ಟೂ ಅನುಮಾನ ಹೆಚ್ಚುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಗುರುತಿಸಿ ಲಿಖಿತ ಒಪ್ಪಿಗೆ ಬೇಕೆಂದಿದ್ದವು. ಹೊಸ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಅದರ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ, ಹಾಗೆಯೇ ನೌಕರ ತಾನಾಗಿ ಕೇಳಿದ ಸೌಲಭ್ಯ ಒದಗಿಸುವುದಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಅನಾರೋಗ್ಯ ರಜೆ ನೌಕರ ಕೇಳಿದ ಸೌಲಭ್ಯವೇ ಅಲ್ಲವೇ ಎಂದು ಮಾಲೀಕರ ವಕೀಲರು ವಾದಿಸದೆ ಬಿಡಲಾರರು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕಾಯ್ದೆ ಡಿಜಿಟಲ್ ರೂಪದ ಅಥವಾ ಡಿಜಿಟಲ್ ಆಗಿ ಮಾಡಿದ ಮಾಹಿತಿಗೆ ಮಾತ್ರ. ಡಿಸ್ಪೆನ್ಸರಿಯ ರಟ್ಟಿನ ಪುಸ್ತಕಕ್ಕೆ ಅದು ತಾಗುವುದೇ ಇಲ್ಲ. ರೈಟರು ಚೀಟಿಯ ಫೋಟೋ ಹೊಡೆದಾಗಷ್ಟೇ ಅದರ ಬಾಗಿಲು ತೆರೆಯುತ್ತದೆ. ಅದಾದರೂ ತಕ್ಷಣಕ್ಕಲ್ಲ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದರೂ ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಗಡುವು ಕೊಡಲಾಯಿತು.

ಮಾಲೀಕರ ಮಾತನ್ನೂ ಕೇಳಬೇಕು. ಹಣ್ಣು ಉದುರುತ್ತಿರುವಾಗ ಆಳು ಬಾರದಿದ್ದರೆ ನಷ್ಟ ನಿಜ. ದುಡ್ಡಿಗೆ ಸಿಗುವ ಸುಳ್ಳು ಸರ್ಟಿಫಿಕೇಟುಗಳೂ ಇಲ್ಲದಿಲ್ಲ. ಒಂದೇ ಗೋಡೆಯ ಲೈನ್ ಮನೆಗಳಲ್ಲಿ ಕ್ಷಯ ಹರಡಿದರೆ ಹೊಣೆ ಯಾರದು? ಆದರೆ ಕ್ಷಯವನ್ನು ತಿಳಿಸಬೇಕಾದದ್ದು ಆರೋಗ್ಯ ಇಲಾಖೆಗೆ. 2012ರಿಂದ ಅದು ಕಡ್ಡಾಯ. ಮನೆಮನೆ ತಪಾಸಣೆ ಇಲಾಖೆಯ ಕೆಲಸ, ರೈಟರದಲ್ಲ. ಔಷಧಿ ಸಿಂಪಡಣೆಗೆ ಒಬ್ಬನನ್ನು ಕಳಿಸಬಹುದೇ ಬಾರದೇ ಎಂಬುದಷ್ಟೇ ಮಾಲೀಕ ತಿಳಿಯಬೇಕಾದದ್ದು. ಅವನ ಪಿತ್ತಕೋಶದಲ್ಲಿ ಏನಿದೆಯೆಂಬುದು ಅದಕ್ಕೆ ಬೇಡ.

ಇದು ಬರಿಯ ಆದರ್ಶವಲ್ಲ. ಜರ್ಮನಿಯಲ್ಲಿ ವೈದ್ಯರ ರಜಾ ಪ್ರಮಾಣಪತ್ರದಿಂದ ಮಾಲೀಕನಿಗೆ ತಿಳಿಯುವುದು ದಿನಗಳು ಮಾತ್ರ, ರೋಗದ ಹೆಸರಲ್ಲ. ಹೆಸರು ಹೋಗುವುದು ಆರೋಗ್ಯ ವಿಮಾ ಸಂಸ್ಥೆಗೆ. ಅಂಥ ದೇಶದಲ್ಲೇ ಎಚ್ ಅಂಡ್ ಎಂ ಬಟ್ಟೆ ಕಂಪನಿಯ ನ್ಯೂರೆಂಬರ್ಗ್ ಕೇಂದ್ರದಲ್ಲಿ ಬೇರೊಂದು ದಾರಿ ಹುಡುಕಿದ್ದರು. ಕಾಯಿಲೆ ರಜೆ ಮುಗಿಸಿ ಬಂದವರನ್ನು ಮೇಲಿನವರು ಕೂರಿಸಿಕೊಂಡು ಕುಶಲ ವಿಚಾರಿಸುವರು, ಆಮೇಲೆ ರೋಗಲಕ್ಷಣವನ್ನೂ ರೋಗದ ಹೆಸರನ್ನೂ ಕಂಪ್ಯೂಟರಿಗೆ ಏರಿಸುವರು. 2019ರ ಅಕ್ಟೋಬರಿನಲ್ಲಿ ತಾಂತ್ರಿಕ ಎಡವಟ್ಟಿನಿಂದ ಕೆಲವು ಗಂಟೆ ಆ ಕಡತ ಕಂಪನಿಯವರಿಗೆಲ್ಲ ತೆರೆದುಕೊಂಡಾಗ ಗುಟ್ಟು ರಟ್ಟಾಯಿತು. ಮರುವರ್ಷ ಹ್ಯಾಂಬರ್ಗಿನ ದತ್ತಾಂಶ ಸಂರಕ್ಷಣಾ ಅಧಿಕಾರಿ ವಿಧಿಸಿದ ದಂಡ 3.53 ಕೋಟಿ ಯೂರೊ. ಮೈ ಹೇಗಿದೆಯೆಂದು ಕೇಳುವ ಮಾತು ಎಲ್ಲಿ ವಿಚಾರಣೆಯಾಗುತ್ತದೆಂಬ ಗೆರೆ ನ್ಯೂರೆಂಬರ್ಗಿನಲ್ಲೂ ಹೆತ್ತೂರಿನಲ್ಲೂ ಒಂದೇ.

ಆಸ್ಪತ್ರೆಯೇ ಮಾಲೀಕನಾದರೆ ಏನು ಗತಿ ಎಂಬುದಕ್ಕೆ ಫಿನ್ಲೆಂಡಿನ ದಾದಿಯೊಬ್ಬರ ಪ್ರಕರಣ ನೋಡಬಹುದು. ತೋಟದ ಡಿಸ್ಪೆನ್ಸರಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗದು. ಕೆಲಸ ಮಾಡುವ ಆಸ್ಪತ್ರೆಯಲ್ಲೇ ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿದ್ದ ಆಕೆಗೆ ಸಹೋದ್ಯೋಗಿಗಳು ತನ್ನ ಕಡತ ನೋಡಿದ್ದಾರೆಂಬ ಶಂಕೆ ಬಂತು. ಯಾರು ನೋಡಿದರೆಂದು ಸಾಬೀತು ಮಾಡಲು ಆಕೆಗೆ ಆಗಲಿಲ್ಲ. ಯಾರು ತೆರೆದರೆಂಬ ಪೂರ್ತಿ ದಾಖಲೆಯನ್ನೇ ಆಸ್ಪತ್ರೆ ಇಟ್ಟಿರಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರ ಜುಲೈ 17ರಂದು ಆಕೆಯ ಪರ ತೀರ್ಪಿತ್ತಿತು. ಕಾಪಾಡುವ ಏರ್ಪಾಟು ಮಾಡದಿದ್ದುದೇ ತಪ್ಪೆಂಬುದು ಅದರ ಸಾರ.

ನಮ್ಮಲ್ಲಿ ಇಂಥ ಏರ್ಪಾಟು ಆಗದ ಮಾತೇನೂ ಅಲ್ಲ. ಕರ್ನಾಟಕ ಸರ್ಕಾರ 2025ರ ನವೆಂಬರಿನಲ್ಲಿ ಹೊರಡಿಸಿದ ಋತುಚಕ್ರ ರಜೆಯ ಆದೇಶ ತೋಟ ಕಾರ್ಮಿಕರನ್ನೂ ಒಳಗೊಂಡಿತ್ತು. ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ, 18ರಿಂದ 52 ವಯಸ್ಸಿನವರಿಗೆ, ವೈದ್ಯಕೀಯ ಪ್ರಮಾಣಪತ್ರ ಬೇಡ. ಗಮನಿಸಬೇಕಾದದ್ದು ಆ ಕೊನೆಯ ಷರತ್ತು. 1989ರಲ್ಲಿ ಹೆಣ್ಣುಮಕ್ಕಳ ಮುಟ್ಟಿನ ದಿನಾಂಕವನ್ನೇ ಅರ್ಜಿಯಲ್ಲಿ ಬರೆಸುತ್ತಿದ್ದ ದೇಶದಲ್ಲಿ ಇದು ಸಣ್ಣ ದೂರವಲ್ಲ. 2025ರ ಅದೇ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1951ರ ತೋಟ ಕಾಯ್ದೆ ಅವುಗಳಲ್ಲಿ ಕರಗಿತು. ತೋಟದ ಮಾಲೀಕರು ಮನಸ್ಸು ಮಾಡಿದರೆ ತಮ್ಮ ಕಾರ್ಮಿಕರನ್ನು ಇಎಸ್‌ಐಗೆ ಸೇರಿಸಬಹುದು. ಎಪ್ಪತ್ತು ವರ್ಷ ಬಾರದ ಮೂರನೆಯವನಿಗೆ ಈಗ ದಾರಿಯಿದೆ. ಆದರೆ ಕರೆಯಬೇಕಾದವನು ಮಾಲೀಕ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದು ಇಷ್ಟು. ಸಕಲೇಶಪುರ, ಆಲೂರಿನ ವೈದ್ಯರು ರಜಾ ಚೀಟಿಯನ್ನು ಚಿಕಿತ್ಸೆಯ ಚೀಟಿಯಿಂದ ಬೇರೆ ಮಾಡಿ, ಅದರಲ್ಲಿ ದಿನಗಳನ್ನು ಮಾತ್ರ ಬರೆಯಲಿ. ಕಾಯಿಲೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಸಾಕು.