ಗೆಲುವಿನ ತೂಕ: ಮುಹಮ್ಮದ್ ಅಲಿಯ ಕೊನೆಯ ಹನ್ನೊಂದು ಜಯಗಳು

ಔರಾದಿನ ಅಮರೇಶ್ವರ ಜಾತ್ರೆಯ ಕುಸ್ತಿಗಳನ್ನು ನಾನು ಬಾಲ್ಯದಲ್ಲಿ ಸೋದರಮಾವನ ಹೆಗಲೇರಿ ನೋಡಿದವನು. ನಮ್ಮ ಬೀದರ ಸೀಮೆಯ ಕುಸ್ತಿಗಳು ಹುಡುಗರ ತೆಂಗಿನಕಾಯಿ ಜೋಡಿಯಿಂದ ಆರಂಭವಾಗಿ, ಬೆಳ್ಳಿ ಕಡಗದ ಜೋಡಿಯೊಂದಿಗೆ ಮುಗಿಯುತ್ತಿದ್ದವು. ಹಲಗೆಯ ಸದ್ದು ಅಡಗಿದ ಮೇಲೆ ಹಿರಿಯರು ಬೇವಿನ ಮರದ ಕೆಳಗೆ ಕುಳಿತು ಚರ್ಚೆಗೆ ತೊಡಗುತ್ತಿದ್ದರು. ಯಾರು ಗೆದ್ದರು ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ; ಅದನ್ನು ಊರೆಲ್ಲ ಕಂಡಿತ್ತು. ಯಾರ ಮೇಲೆ ಗೆದ್ದ? ಎದುರಾಳಿ ಅಂದು ಯಾವ ಸ್ಥಿತಿಯಲ್ಲಿದ್ದ? ಚಿತ್ ಮಾಡಿ ಗೆದ್ದನೋ, ಪಂಚರ ಮಾತಿನಿಂದ ಗೆದ್ದನೋ? ಇವೇ ಅವರ ಪ್ರಶ್ನೆಗಳು. ಮುಂದೆ ಬಿ.ಎಡ್. ಮುಗಿಸಿ ಭಾಲ್ಕಿ, ಔರಾದ, ಬೀದರಗಳಲ್ಲಿ ಮೂರು ದಶಕ ಇತಿಹಾಸ ಬೋಧಿಸಿದ ನನಗೆ, ಆಧಾರಗಳನ್ನು ತೂಗಿ ನೋಡುವ ಮೊದಲ ಪಾಠ ದೊರೆತದ್ದು ಆ ಬೇವಿನ ನೆರಳಿನಲ್ಲಿಯೇ.

ಇತ್ತೀಚೆಗೆ ಬೀದರಿನ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮಾತಿನ ನಡುವೆ, "ಸರ್, ಅಲಿ ಕೊನೆಯವರೆಗೂ ಅಜೇಯನೇ. ಫೋರ್ಮನ್‌ನನ್ನು ಕೆಡವಿದ ಮೇಲೂ ಹನ್ನೊಂದು ಗೆದ್ದಾನಲ್ಲ!" ಎಂದ. ಲೆಕ್ಕವೇನೋ ಸರಿಯೇ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ, ಅದುವರೆಗೆ ನಲವತ್ತಕ್ಕೆ ನಲವತ್ತೂ ಗೆದ್ದಿದ್ದ ಜಾರ್ಜ್ ಫೋರ್ಮನ್‌ನನ್ನು ಅಲಿ ಎಂಟನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದ. ಅನಂತರ ಹದಿನಾಲ್ಕು ಬಾರಿ ಕಣಕ್ಕಿಳಿದು ಹನ್ನೊಂದು ಗೆದ್ದು, ಮೂರು ಸೋತ. ಜೀವಮಾನದ ಒಟ್ಟು ಲೆಕ್ಕ 56 ಗೆಲುವು, 5 ಸೋಲು. ಆದರೆ ಆ ಹನ್ನೊಂದು ಜಯಗಳೂ ಒಂದೇ ತೂಕದವೇ? ಬೇವಿನ ಮರದ ಕೆಳಗಿನ ಹಿರಿಯರಾಗಿದ್ದರೆ ಹೇಗೆ ತೂಗುತ್ತಿದ್ದರು?

ಮೊದಲಿಗೆ ಹಗುರವಾದವುಗಳನ್ನು ಬದಿಗಿಡೋಣ. 1975ರ ಮಾರ್ಚಿನಲ್ಲಿ ಚಕ್ ವೆಪ್ನರ್, 1976ರ ಫೆಬ್ರವರಿಯಲ್ಲಿ ಬೆಲ್ಜಿಯಂನ ಕೂಪ್ಮನ್, ಅದೇ ಮೇ ತಿಂಗಳಿನಲ್ಲಿ ಮ್ಯೂನಿಕ್‌ನಲ್ಲಿ ರಿಚರ್ಡ್ ಡನ್, 1977ರ ಮೇ ತಿಂಗಳಿನಲ್ಲಿ ಇವಾಂಜೆಲಿಸ್ಟಾ: ಈ ನಾಲ್ವರೂ ಧೈರ್ಯವಂತರೇ ಹೊರತು ಅಗ್ರಪಂಕ್ತಿಯವರಲ್ಲ. ವೆಪ್ನರ್ ಹದಿನೈದನೆಯ ಸುತ್ತಿನ ಕೊನೆಯ ಕ್ಷಣಗಳವರೆಗೆ ನಿಂತದ್ದು ಅವನ ಹೆಮ್ಮೆಯೇ ಆಯಿತು, ಅಲಿಯದಲ್ಲ. ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಡನ್‌ನ ಮೇಲಿನ ಗೆಲುವೇ ಅಲಿ ಎದುರಾಳಿಯನ್ನು ಕೆಡವಿ ಗೆದ್ದ ಕೊನೆಯ ಗೆಲುವು. ಅಲ್ಲಿಂದ ಮುಂದಿನ ಜಯಗಳೆಲ್ಲವೂ ತೀರ್ಪುಗಾರರ ಅಂಕಗಳಿಂದ ಬಂದವು.

ಎರಡನೆಯದಾಗಿ ವಿವಾದದ ಗೆಲುವುಗಳು. 1976ರ ಏಪ್ರಿಲ್ 30ರಂದು ಜಿಮ್ಮಿ ಯಂಗ್‌ನ ಮೇಲಿನ ಜಯವನ್ನು ಅಂದೇ ಅನೇಕರು ಒಪ್ಪಲಿಲ್ಲ. ಹೊಡೆತ ಬಂದಾಗಲೆಲ್ಲ ಹಗ್ಗದ ಆಚೆಗೆ ತಲೆ ಹಾಕಿ ತಪ್ಪಿಸಿಕೊಂಡದ್ದು ಯಂಗ್‌ಗೆ ಮುಳುವಾಯಿತು ಎಂಬುದೂ ನಿಜ. ಆದರೆ ಮರುವರ್ಷವೇ ಯಂಗ್ ಫೋರ್ಮನ್‌ನನ್ನು ಸೋಲಿಸಿದ. ಇಲ್ಲಿ ವಿಚಿತ್ರವೊಂದಿದೆ. ಯಂಗ್‌ನ ಮುಂದಿನ ಸಾಧನೆಯನ್ನು ನೋಡಿದರೆ ಅಲಿಯ ಗೆಲುವಿನ ಬೆಲೆ ಏರುತ್ತದೆ. ಅದು ಬಂದ ರೀತಿಯನ್ನು ನೋಡಿದರೆ ಇಳಿಯುತ್ತದೆ. 1976ರ ಸೆಪ್ಟೆಂಬರ್ 28ರಂದು ಕೆನ್ ನಾರ್ಟನ್‌ನ ಮೇಲಿನ ಜಯವೂ ಹಾಗೆಯೇ. ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಅಂತರ ಒಂದೇ ಸುತ್ತು. ನಾರ್ಟನ್ ಅಳುತ್ತ ಹೊರನಡೆದ. ಇವೆರಡನ್ನೂ ಗೆಲುವಿನ ಪಟ್ಟಿಯಿಂದ ತೆಗೆಯಲು ಬರುವುದಿಲ್ಲ. ಆದರೆ ಸಾಕ್ಷಿಗೆ ಕರೆದರೆ ಅವು ತಡವರಿಸುತ್ತವೆ.

ಮಧ್ಯಮ ತೂಕದವು ಎರಡು. ಕೌಲಾಲಂಪುರದಲ್ಲಿ ಜೋ ಬಗ್ನರ್‌ನ ಮೇಲೆ ಅಂಕಗಳಿಂದ ಗೆದ್ದದ್ದು ಒಂದು. 1978ರ ಸೆಪ್ಟೆಂಬರ್ 15ರಂದು ಲಿಯಾನ್ ಸ್ಪಿಂಕ್ಸ್‌ನಿಂದ ಪದವಿಯನ್ನು ಮರಳಿ ಪಡೆದದ್ದು ಇನ್ನೊಂದು. ಮೂರನೆಯ ಬಾರಿಗೆ ಹೆವಿವೇಟ್ ವಿಶ್ವ ವಿಜೇತನಾದ ಮೊದಲಿಗ ಎಂಬ ಕೀರ್ತಿಯನ್ನು ಈ ಗೆಲುವು ತಂದಿತು. ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಅಲಿಯನ್ನು ಸೋಲಿಸಿದಾಗ ಸ್ಪಿಂಕ್ಸ್ ವೃತ್ತಿಪರನಾಗಿ ಆಡಿದ್ದು ಕೇವಲ ಏಳು ಪಂದ್ಯ. ಪದವಿಯ ತೂಕ ಬೇರೆ, ಎದುರಾಳಿಯ ತೂಕ ಬೇರೆ.

ಉಳಿದ ಮೂರು ನಿಜವಾದ ಗಟ್ಟಿ ಗೆಲುವುಗಳು. 1975ರ ಮೇ 16ರಂದು ಅಂಕಗಳಲ್ಲಿ ಹಿಂದಿದ್ದ ಅಲಿ, ಹನ್ನೊಂದನೆಯ ಸುತ್ತಿನಲ್ಲಿ ರಾನ್ ಲೈಲ್‌ನ ಮೇಲೆ ಎರಗಿ ಪಂದ್ಯವನ್ನು ಮುಗಿಸಿದ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಜೋ ಫ್ರೇಜಿಯರ್‌ನನ್ನು ಹದಿನಾಲ್ಕು ಸುತ್ತು ಎದುರಿಸಿದ. ಹದಿನೈದನೆಯ ಸುತ್ತಿಗೆ ಫ್ರೇಜಿಯರ್ ಏಳದಂತೆ ಅವನ ಗುರು ಎಡ್ಡಿ ಫಚ್ ತಡೆದ. ಫ್ರೇಜಿಯರ್‌ನ ಉಚ್ಛ್ರಾಯ ಕಾಲ ಅಷ್ಟರಲ್ಲಿ ಕಳೆದಿತ್ತು ಎಂಬ ವಾದವುಂಟು. 1973ರಲ್ಲಿ ಫೋರ್ಮನ್ ಅವನನ್ನು ಎರಡೇ ಸುತ್ತಿನಲ್ಲಿ ಆರು ಬಾರಿ ಕೆಡವಿದ್ದ. ಆದರೂ ಆ ಒಂದು ದಿನದ ಮಟ್ಟಿಗೆ ಫ್ರೇಜಿಯರ್ ತನ್ನಲ್ಲಿ ಉಳಿದಿದ್ದುದನ್ನೆಲ್ಲ ಸುರಿದ. ಎದುರಾಳಿಯನ್ನು ಅವನ ಹೆಸರಿನಿಂದಲ್ಲ, ಆ ದಿನದಿಂದ ಅಳೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ. ಮೂರನೆಯದು 1977ರ ಸೆಪ್ಟೆಂಬರ್ 29ರದು. ಭೀಕರ ಹೊಡೆತದ ಅರ್ನಿ ಶೇವರ್ಸ್‌ನ ಗುದ್ದುಗಳನ್ನು ಹದಿನೈದು ಸುತ್ತು ತಿಂದು, ಕೊನೆಯ ಸುತ್ತನ್ನು ತನ್ನದಾಗಿಸಿಕೊಂಡು ಅಲಿ ಗೆದ್ದ.

ಹೀಗೆ ಅಳೆಯುವ ಪರಿಪಾಠ ನಮ್ಮ ದೇಶದ ಮಲ್ಲರಿಗೂ ಸಲ್ಲಬೇಕು. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಮತ್ತು ಜಿಬಿಸ್ಕೊ ಎರಡು ಗಂಟೆಗೂ ಮಿಕ್ಕಿ ಸೆಣಸಿದರೂ ಫಲಿತಾಂಶ ಬರಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಗಾಮಾ ಅದೇ ಎದುರಾಳಿಯನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ. ನಮ್ಮ ತಾಲೀಮುಗಳಲ್ಲಿ ಎರಡನೆಯದರ ವರ್ಣನೆಯೇ ಹೆಚ್ಚು. ಆಗ ಇಬ್ಬರೂ ಐವತ್ತರ ಆಸುಪಾಸಿನವರು. ನನಗಂತೂ ಗೆಲ್ಲದ ಆ ಮೊದಲ ಕುಸ್ತಿಯೇ, ಗೆದ್ದ ಎರಡನೆಯದಕ್ಕಿಂತ ಭಾರವಾಗಿ ಕಾಣುತ್ತದೆ.

ಇಷ್ಟೆಲ್ಲ ತೂಗಿ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಮನೆಯ ಕಥೆಯನ್ನೇ ಹೇಳಬೇಕು. ನಾನು ಭಾಲ್ಕಿಯಲ್ಲಿ ಓದುತ್ತಿದ್ದಾಗ, ನಲವತ್ತು ದಾಟಿದ್ದ ಸೋದರಮಾವ ಜಾತ್ರೆಯೊಂದರಲ್ಲಿ ಹೆಸರಾಂತ ಪೈಲ್ವಾನನನ್ನು ಕೆಡವಿ ಬೆಳ್ಳಿ ಕಡಗ ತೊಟ್ಟರು. ಊರು ಪೇಟಾ ಸುತ್ತಿ ಮೆರೆಸಿತು. ರಾತ್ರಿ ನಾನು ಕಾಲು ಒತ್ತುತ್ತಿದ್ದಾಗ ಅವರು ಮೆಲ್ಲನೆ, "ಅವನ ಭುಜ ಮೊದಲೇ ಇಳಿದಿತ್ತೋ ತಮ್ಮಾ. ನಾ ಹಿಡಿದಾಗಲೇ ಗೊತ್ತಾತು," ಎಂದರು. ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ ಮಾವನ ಗೆಲುವನ್ನು ಕಂಡಕಂಡವರಲ್ಲಿ ಕೊಚ್ಚಿಕೊಂಡೆ. ಮರುವರ್ಷ ಇಪ್ಪತ್ತೈದರ ಹುಡುಗನೊಡನೆ ಜೋಡಿ ಕಟ್ಟಿದಾಗ ಮಾವ ಹಿಂಜರಿದರು. "ಕಡಗ ಗೆದ್ದ ಕೈ ಹಿಂಜರೀತದೇನು?" ಎಂದವರಲ್ಲಿ ನಾನೂ ಒಬ್ಬ. ಅಂದು ಮುರಿದ ಮೊಣಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಅಲಿಗಾದರೋ ಹೇಳುವವರಿದ್ದರು. ಶೇವರ್ಸ್ ಪಂದ್ಯದ ಬಳಿಕ ಅವನ ವೈದ್ಯ ಫರ್ಡಿ ಪಚೇಕೊ, ಮೂತ್ರಪಿಂಡಕ್ಕೆ ಹಾನಿಯಾಗಿದೆ ಎಂಬ ವರದಿಯನ್ನು ಕಳುಹಿಸಿ ಆಟ ನಿಲ್ಲಿಸುವಂತೆ ಬೇಡಿದ. ಉತ್ತರ ಬಾರದಾಗ ತಂಡವನ್ನೇ ಬಿಟ್ಟ. 1980ರಲ್ಲಿ ಅಲಿ ಮದರಾಸಿಗೆ ಬಂದು ಜಿಮ್ಮಿ ಎಲ್ಲಿಸ್‌ನೊಡನೆ ಪ್ರದರ್ಶನ ಪಂದ್ಯವಾಡಿದಾಗ, ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡವನು ನಾನು. ಅದೇ ವರ್ಷದ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಹತ್ತು ಸುತ್ತು ಅವನನ್ನು ಬಡಿದ. 1981ರ ಡಿಸೆಂಬರಿನಲ್ಲಿ ಬರ್ಬಿಕ್‌ನ ಎದುರು ಸೋತು ಅಲಿ ನಿವೃತ್ತನಾದ. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ದೃಢಪಟ್ಟವು. 2016ರ ಜೂನ್ 3ರಂದು ಆತ ತೀರಿಕೊಂಡ.

ಆದುದರಿಂದ ಹಳೆಯ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವಿಷ್ಟು: ಹನ್ನೊಂದರಲ್ಲಿ ಮೂರು ಗಟ್ಟಿ, ಎರಡು ಮಧ್ಯಮ, ಎರಡು ವಿವಾದಾಸ್ಪದ, ನಾಲ್ಕು ಹಗುರ. ಇದರಿಂದ ಅಲಿ ಸಣ್ಣವನಾಗುವುದಿಲ್ಲ. ಮೂವತ್ತಮೂರು ದಾಟಿದ ಮೇಲೆ ಅಂಥ ಮೂರು ಗೆಲುವು ಎಷ್ಟು ಜನರಿಗೆ ದಕ್ಕೀತು? ಆದರೆ ಹನ್ನೊಂದನ್ನೂ ಒಂದೇ ತೂಕದವೆಂದು ಜಗತ್ತು ಚಪ್ಪಾಳೆ ತಟ್ಟಿದ್ದರಿಂದಲೇ ಹನ್ನೆರಡನೆಯದು ಸಿಕ್ಕೀತೆಂಬ ಆಸೆ ಅವನಲ್ಲಿ ಉಳಿಯಿತೋ ಏನೋ.

ಮಾವನ ಬೆಳ್ಳಿ ಕಡಗ ಈಗ ನಮ್ಮ ಮನೆಯಲ್ಲಿದೆ. ಅದನ್ನು ನೋಡಲು ಬಂದವರಿಗೆಲ್ಲ ಎದುರಾಳಿಯ ಇಳಿದ ಭುಜದ ವಿಷಯವನ್ನು ತಪ್ಪದೇ ಹೇಳುತ್ತೇನೆ. ಅಂದೇ ಹೇಳಬೇಕಾಗಿತ್ತು.