ಕೌಲ್ ಬಜಾರಿನ ಸುಂಕದ ಲೆಕ್ಕ

ಬಳ್ಳಾರಿಯ ಕೌಲ್ ಬಜಾರ್ ತೆರಿಗೆ ಮಾಫಿಯಿಂದ ಹುಟ್ಟಿದ ಪೇಟೆ. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯ ದಂಡು ಬಂದು ಬೀಡುಬಿಟ್ಟ ಮೇಲೆ ಸಿಪಾಯಿಗಳಿಗೆ ಕಾಳುಕಡಿ, ತುಪ್ಪ, ಬಟ್ಟೆ, ಕುದುರೆಗಳಿಗೆ ಹುರುಳಿ ಒದಗಿಸುವವರು ಬೇಕಾದರು. ಇಲ್ಲಿ ಬಂದು ನೆಲೆಸಿದರೆ ಕೆಲವು ತೆರಿಗೆಗಳನ್ನು ಬಿಡುತ್ತೇವೆ ಎಂಬ ಕೌಲು ಹಿಡಿದು ಬಂದವರಿಂದಲೇ ಪೇಟೆಗೆ ಆ ಹೆಸರು ಬಂತೆಂಬ ಮಾತಿದೆ. ಅದೇ ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಮಗ್ಗಕ್ಕೂ ಅಂಗಡಿಗೂ ಮೊಹತರ್ಫಾ ತೆರಿಗೆ ಇತ್ತು. ಸರಕು ಹೇರಿದ ಎತ್ತು ಸುಂಕದ ಚೌಕಿ ದಾಟಿದಾಗಲೆಲ್ಲ ಕೈಯಿಂದ ಇನ್ನಷ್ಟು ಕಾಸು ಬಿಚ್ಚಬೇಕಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಈ ಒಳನಾಡು ಸುಂಕ ಹೋದದ್ದು 1844ರಲ್ಲಿ.

ಸರ್ಕಾರಕ್ಕೆ ಬೇಕಾದವರಿಗೆ ಮಾಫಿ, ಉಳಿದವರಿಗೆ ಸುಂಕ. ಕಂಪನಿಯೇ ಈ ಬಗೆಯ ಲೆಕ್ಕದ ಕೂಸು.

ಅದರ ಸಿದ್ಧಾಂತ ಬರೆದವರಲ್ಲಿ ಮುಖ್ಯನಾದ ಥಾಮಸ್ ಮನ್ ಕಂಪನಿಯ ಡೈರೆಕ್ಟರುಗಳಲ್ಲಿ ಒಬ್ಬ. ಇಂಗ್ಲೆಂಡಿನ ಬೆಳ್ಳಿಯನ್ನೆಲ್ಲ ಹಡಗಿಗೆ ತುಂಬಿ ಪೂರ್ವಕ್ಕೆ ಸಾಗಿಸುತ್ತಿದ್ದೀರಿ ಎಂದು ಲಂಡನ್ನಿನ ಜನ ಕಂಪನಿಯನ್ನು ಬೈಯುತ್ತಿದ್ದ ಕಾಲವದು. 1621ರಲ್ಲಿ ಮನ್ ಉತ್ತರ ಕೊಟ್ಟ: ಹೋದ ಬೆಳ್ಳಿಗೆ ಮೆಣಸು, ಬಟ್ಟೆ ಬರುತ್ತದೆ, ಅದನ್ನು ಯುರೋಪಿನ ಬೇರೆ ದೇಶಗಳಿಗೆ ಮಾರಿದರೆ ಹೋದದ್ದಕ್ಕಿಂತ ಹೆಚ್ಚಿನ ಬೆಳ್ಳಿ ಮರಳುತ್ತದೆ. ಅವನು ಸತ್ತ ಮೇಲೆ, 1664ರಲ್ಲಿ, ಅಚ್ಚಾದ ಪುಸ್ತಕ ಇದನ್ನೇ ದೇಶದ ನಿಯಮವಾಗಿ ಹಿಗ್ಗಿಸಿತು. ಹೊರಗಿನವರಿಂದ ಕೊಳ್ಳುವುದಕ್ಕಿಂತ ಹೆಚ್ಚನ್ನು ಅವರಿಗೆ ಮಾರಬೇಕು, ಉಳಿದ ಬಾಕಿ ಬಂಗಾರ ಬೆಳ್ಳಿಯಾಗಿ ಬೊಕ್ಕಸ ಸೇರಬೇಕು. ವಣಿಕವಾದ ಅಥವಾ ಮರ್ಕೆಂಟಿಲಿಸಂ ಎಂದು ಅರ್ಥಶಾಸ್ತ್ರದ ಪುಸ್ತಕಗಳು ಕರೆಯುವುದು ಇದನ್ನೇ. ತನ್ನ ಕಂಪನಿಯ ವ್ಯಾಪಾರವನ್ನು ಕಾಪಾಡಲು ಹೊರಟವನ ವಾದ ಇಡೀ ದೇಶದ ಹಿತವಾಗಿ ಬೆಳೆದು ನಿಂತದ್ದನ್ನು ಗಮನಿಸಬೇಕು. ವ್ಯಾಪಾರದ ಸಿದ್ಧಾಂತಗಳಿಗೆ ಮೊದಲಿನಿಂದಲೂ ಹೀಗೊಬ್ಬ ಕಕ್ಷಿದಾರ ಇರುತ್ತಾನೆ.

ಆ ಸಿದ್ಧಾಂತದ ಬಿಸಿ ಮುಂದೆ ಕಂಪನಿಗೂ ತಟ್ಟಿತು. ಭಾರತದ ಬಣ್ಣದ ಹತ್ತಿಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಮುಗಿಬಿದ್ದಾಗ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಎಬ್ಬಿಸಿದರು. 1700ರ ಕಾನೂನು ಅಚ್ಚಿನ ಬಟ್ಟೆಯ ಆಮದನ್ನು ತಡೆಯಿತು, 1721ರದು ಅದನ್ನು ಉಡುವುದನ್ನೇ ನಿಷೇಧಿಸಿತು. ಅಲ್ಲಿಂದಾಚೆಗೆ ಯಂತ್ರದ ನೂಲು ಬಂತು, ವ್ಯಾಪಾರದ ದಿಕ್ಕು ತಿರುಗಿತು.

ತಿರುಗಿದ ಗಳಿಗೆಗೆ ಬಳ್ಳಾರಿಯನ್ನು ಬಲ್ಲ ಒಬ್ಬ ಸಾಕ್ಷಿ ಸಿಕ್ಕ. 1800ರಿಂದ 1807ರವರೆಗೆ ಈ ಸೀಮೆಯ ಮುಖ್ಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ 1813ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಮುಂದೆ ನಿಂತ. ಇಂಗ್ಲೆಂಡಿನ ಸರಕಿಗೆ ಭಾರತದಲ್ಲಿ ಗಿರಾಕಿ ಸಿಗುತ್ತದೆಯೇ ಎಂಬುದು ಅವನಿಗೆ ಹಾಕಿದ ಪ್ರಶ್ನೆಗಳಲ್ಲೊಂದು. ತನ್ನಲ್ಲೊಂದು ಭಾರತದ ಶಾಲಿದೆ, ಏಳು ವರ್ಷ ಹೊದ್ದರೂ ಹೆಚ್ಚೇನೂ ಬದಲಾಗಿಲ್ಲ, ಯುರೋಪಿನ ನಕಲಿ ಶಾಲನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತಾನು ಹೊದೆಯುವವನಲ್ಲ ಎಂಬರ್ಥದ ಉತ್ತರ ಕೊಟ್ಟ. ಇನ್ನೊಂದು ವಿಷಯವನ್ನೂ ಅವನೇ ಬಿಚ್ಚಿಟ್ಟ. ತಮಿಳು ಸೀಮೆಯ ಬಾರಾಮಹಲಿನಲ್ಲಿ ಕಂಪನಿಯ ನೌಕರರು ಮುಖ್ಯ ನೇಕಾರರನ್ನು ಒಂದೆಡೆ ಕೂಡಿಸಿ, ಬಟ್ಟೆಯನ್ನು ಕಂಪನಿಗೆ ಮಾತ್ರ ಕೊಡುತ್ತೇವೆಂದು ಕರಾರಿಗೆ ಒಪ್ಪುವ ತನಕ ಸುತ್ತ ಕಾವಲು ಹಾಕುತ್ತಿದ್ದರಂತೆ. ಅದೇ ವರ್ಷ ಭಾರತದ ವ್ಯಾಪಾರದ ಮೇಲಿನ ಕಂಪನಿಯ ಏಕಸ್ವಾಮ್ಯ ಮುಗಿಯಿತು. ಭಾರತದ ಬಟ್ಟೆಗೆ ಇಂಗ್ಲೆಂಡಿನಲ್ಲಿ ಶೇ 70, 80ರಷ್ಟು ಸುಂಕ ಕೂತಿದ್ದ ದಿನಗಳಲ್ಲೇ ಅಲ್ಲಿನ ಬಟ್ಟೆ ಹೆಚ್ಚಿನ ಅಡ್ಡಿಯಿಲ್ಲದೆ ಇಲ್ಲಿಗೆ ಇಳಿಯತೊಡಗಿತು.

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ತನ್ನ ಪ್ರಸಿದ್ಧ ಲೆಕ್ಕ ಮಂಡಿಸಿದ. ಪೋರ್ಚುಗಲ್ಲಿನಲ್ಲಿ 80 ಆಳುಗಳಿಗೆ ಮುಗಿಯುವ ದ್ರಾಕ್ಷಾರಸದ ಕೆಲಸಕ್ಕೆ ಇಂಗ್ಲೆಂಡಿನಲ್ಲಿ 120 ಆಳು ಬೇಕು, ಬಟ್ಟೆಗೆ ಪೋರ್ಚುಗಲ್ಲಿನಲ್ಲಿ 90, ಇಂಗ್ಲೆಂಡಿನಲ್ಲಿ 100. ಎರಡರಲ್ಲೂ ಪೋರ್ಚುಗಲ್ಲೇ ಮುಂದಿದ್ದರೂ ಅದು ದ್ರಾಕ್ಷಾರಸವನ್ನಷ್ಟೇ ಮಾಡಿ ಬಟ್ಟೆಯನ್ನು ಇಂಗ್ಲೆಂಡಿಗೆ ಬಿಟ್ಟರೆ ಇಬ್ಬರಿಗೂ ಲಾಭ. ಲೆಕ್ಕ ಸೊಗಸಾಗಿದೆ. ಆದರೆ ಮಗ್ಗ ಬಿಟ್ಟವನು ಮರುದಿನವೇ ತೋಟದಲ್ಲಿ ಕೆಲಸ ಹಿಡಿಯುತ್ತಾನೆ ಎಂದು ಅದು ನಂಬುತ್ತದೆ. ಬಳ್ಳಾರಿಯ ನೇಕಾರನಿಗೆ ಸಿಕ್ಕಿದ್ದು ಎರೆಭೂಮಿಯ ಕೂಲಿ, ಅದೂ ಮಳೆ ಬಂದರೆ.

ಎರೆಭೂಮಿಯ ಹತ್ತಿಗೆ ಮಾತ್ರ ದೊಡ್ಡ ಪೇಟೆ ತೆರೆಯಿತು. ಈ ಕಡೆಯ ಹತ್ತಿ 'ವೆಸ್ಟರ್ನ್ಸ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ಅಲ್ಲಿನ ಹತ್ತಿಯನ್ನು ತಡೆದಾಗ ಇಲ್ಲಿನ ಧಾರಣೆ ಗಗನಕ್ಕೇರಿತು, ಯುದ್ಧ ಮುಗಿದಾಗ ನೆಲಕ್ಕೆ ಬಿತ್ತು. ನೂಲು, ಬಟ್ಟೆ ಒಳಗೆ, ಹತ್ತಿ ಹೊರಗೆ. ಮುಕ್ತ ವ್ಯಾಪಾರದ ಹೆಸರಿನಲ್ಲಿ ನಡೆದದ್ದು ವಣಿಕವಾದಿಗಳು ಬಯಸಿದ್ದ ವ್ಯವಸ್ಥೆಯೇ: ಕಚ್ಚಾ ಮಾಲು ತರಿಸು, ತಯಾರಿ ಮಾಲು ಮಾರು.

ಮುಕ್ತ ವ್ಯಾಪಾರದ ಸಿದ್ಧಾಂತದ ಅತಿ ಕ್ರೂರ ಪ್ರಯೋಗ 1876–78ರ ಬರದಲ್ಲಿ ಆಯಿತು. ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಸುಮ್ಮನೆ ಕೂರದೆ ಸರ್ಕಾರದ ಲೆಕ್ಕದಲ್ಲಿ ಸುಮಾರು 30,000 ಟನ್ ಧಾನ್ಯ ಕೊಂಡ. ವೈಸರಾಯ್ ಲಿಟ್ಟನ್ನನ ಸರ್ಕಾರ ಅವನನ್ನು ಆಕ್ಷೇಪಿಸಿತು. ಕಾಳಿನ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದ ಕಡೆಗೆ ಕಾಳು ತಾನೇ ಹರಿಯುತ್ತದೆ ಎಂಬುದು ಅದರ ನಿಲುವು, 1776ರಲ್ಲಿ ಆಡಮ್ ಸ್ಮಿತ್ ಬರೆದದ್ದು ಅದಕ್ಕೆ ಆಧಾರ. ಕಾಳು ಹರಿಯಿತು ನಿಜ, ಕಾಸಿದ್ದವರ ಕಡೆಗೆ. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿದಿತ್ತು.

1894ರಲ್ಲಿ ಬಳ್ಳಾರಿಯಲ್ಲಿ ನೂಲಿನ ಗಿರಣಿ ಬಂತು. ಅದೇ ವರ್ಷದ ಕೊನೆಗೆ ಸರ್ಕಾರ ಆಮದು ಬಟ್ಟೆ, ನೂಲಿನ ಮೇಲೆ ಶೇ 5 ಸುಂಕ ಹಾಕಿ, ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಯವರು ಮುನಿಯಬಾರದೆಂದು ಭಾರತದ ಗಿರಣಿಗಳ ನಯವಾದ ನೂಲಿಗೂ ಅಷ್ಟೇ ತೆರಿಗೆ ಹೇರಿತು. ಎರಡು ವರ್ಷದಲ್ಲಿ ತೆರಿಗೆ ನೂಲಿನಿಂದ ಬಟ್ಟೆಗೆ ಸರಿದು, 1920ರ ದಶಕದ ನಡುವಿನವರೆಗೂ ಉಳಿಯಿತು.

ಈಗ ಕೌಲ್ ಬಜಾರಿನ ಓಣಿಗಳಲ್ಲಿ ಕೇಳುವುದು ಜೀನ್ಸ್ ಹೊಲಿಯುವ ಮಷಿನ್ನಿನ ಸದ್ದು. ದಂಡಿನ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಎನ್ನುತ್ತಾರೆ. ಡೆನಿಮ್ ಹೆಚ್ಚಾಗಿ ಅಹಮದಾಬಾದಿನ ಕಡೆಯಿಂದ ಬರುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಹೊಲಿದ ಪ್ಯಾಂಟುಗಳ ಗಂಟು ಮನೆಗಳಿಗೆ ಬರುತ್ತದೆ, ಹೊಸ್ತಿಲ ಬಳಿ ಕೂತ ಹೆಂಗಸರು ಒಂದೊಂದು ಪೀಸಿಗೆ ಇಷ್ಟು ಎಂಬ ಲೆಕ್ಕದಲ್ಲಿ ಉಳಿದ ದಾರದ ತುದಿ ಕತ್ತರಿಸುತ್ತಾರೆ. ಇಲ್ಲೂ ಸುಂಕದ ಗೆರೆ ತಪ್ಪಿಲ್ಲ. 2017ರ ಜಿಎಸ್‌ಟಿ 1,000 ರೂಪಾಯಿವರೆಗಿನ ಉಡುಪಿಗೆ ಶೇ 5, ಅದನ್ನು ದಾಟಿದರೆ ಶೇ 12 ಎಂದಿತು.

ಆದರೆ ಊರಿನ ದೊಡ್ಡ ಹಣ ಕಬ್ಬಿಣದ ಅದಿರಿನದು. ಸಂಡೂರಿನ ಗುಡ್ಡಗಳ ಅದಿರು ಅಂಕೋಲೆಯ ಬೇಲೆಕೇರಿ ಬಂದರಿನ ಮೂಲಕ ಚೀನಾಕ್ಕೆ ಹೋದದ್ದು ಎಲ್ಲರಿಗೂ ಗೊತ್ತು. ಆ ಕರಾವಳಿ ವ್ಯಾಪಾರದ ಕರಾರುಗಳಿಗೆ ಹೊಸದಲ್ಲ. 1547ರಲ್ಲಿ ವಿಜಯನಗರದ ಸದಾಶಿವರಾಯ ಗೋವೆಯ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಂತೆ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಬದಲಿಗೆ ವಿಜಯನಗರದ ಬಟ್ಟೆ ಅಂಕೋಲೆ, ಹೊನ್ನಾವರದ ಮೂಲಕವೇ ಸಾಗಬೇಕು, ಕಬ್ಬಿಣ ಮತ್ತು ಪೆಟ್ಲುಪ್ಪು ಬಿಜಾಪುರದ ಕೈಸೇರಬಾರದು. ಥಾಮಸ್ ಮನ್ ಹುಟ್ಟುವ ಮೊದಲೇ ಇಲ್ಲಿ ಈ ವಿದ್ಯೆ ಪಳಗಿತ್ತು.

ಅಕ್ರಮ ಗಣಿಗಾರಿಕೆಯ ಗದ್ದಲದ ನಡುವೆ 2010ರ ಜುಲೈನಲ್ಲಿ ಕರ್ನಾಟಕ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಗಣಿಗಳು ಮತ್ತೆ ತೆರೆದ ಮೇಲೂ ಅದಿರು ದೇಶದೊಳಗಿನ ಉಕ್ಕಿನ ಕಾರ್ಖಾನೆಗಳಿಗೇ ಹೋಗಬೇಕಿತ್ತು. ಕಚ್ಚಾ ಉಣ್ಣೆ ಹೊರಹೋಗದಂತೆ ಇಂಗ್ಲೆಂಡ್ 1660ರ ದಶಕದಿಂದ 1824ರವರೆಗೆ ಹಾಕಿದ್ದ ತಡೆಯ ಫಲವೂ ಇಂಥದ್ದೇ. ಕುರಿ ಸಾಕುವವನ ಲಾಭ ಕಿತ್ತು ನೇಯಿಸುವವನಿಗೆ ಕೊಟ್ಟಿರಿ ಎಂದು ಸ್ಮಿತ್ ಅದನ್ನು ಬೈದಿದ್ದ. 2022ರ ಮೇ 20ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಸೀಮೆಯ ಅದಿರಿನ ರಫ್ತಿಗೆ ಅನುಮತಿ ಕೊಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು. ನವೆಂಬರಿನಲ್ಲಿ ಅದನ್ನು ಉತ್ತಮ ದರ್ಜೆಯ ಅದಿರಿಗೆ ಶೇ 30ಕ್ಕೆ ಇಳಿಸಿ, ಶೇ 58ಕ್ಕಿಂತ ಕಡಿಮೆ ಕಬ್ಬಿಣಾಂಶದ ಅದಿರಿಗೆ ಪೂರ್ತಿ ತೆಗೆದುಹಾಕಿತು.